ನನಗೆ ಕನ್ನಡ ಬಾರದಿದ್ದ ಐವತ್ತು ದಿನ

ಜೂನ್ ಹದಿನಾಲ್ಕು, ಭಾನುವಾರ. ಬರೆಯಲು ಕೂತಾಗ ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ.

ನಿಜ ಹೇಳಬೇಕೆಂದರೆ ನಾನು ಕೂತದ್ದು ಕಪಾಟು ಸ್ವಚ್ಛ ಮಾಡಲಿಕ್ಕೆ. ಮೂರನೇ ಅರೆಯಲ್ಲಿ ಹನ್ನೊಂದು ನೋಟುಬುಕ್ಕು, ಒಂದು ಸ್ವೆಟರು, ಜೋಡಿ ಇಲ್ಲದ ಎರಡು ಕಾಲುಚೀಲ ಸಿಕ್ಕವು. ಅವುಗಳ ಕೆಳಗೆ ಒಂದು ಹಳದಿ ಅರಿವೆ ಇತ್ತು. ರೊಟ್ಟಿ ಕಟ್ಟುವ ಅರಿವೆ. ಬಿಚ್ಚಿ ಝಾಡಿಸಿದೆ. ಖಡಕ್ ರೊಟ್ಟಿಯ ಚೂರುಗಳು ನೆಲದ ಮೇಲೆ ಉದುರಿದವು. ಎಣಿಸಿದೆ, ಹದಿನೇಳು. ಎರಡು ತಿಂಗಳಿಂದ ಈ ಹದಿನೇಳು ಚೂರುಗಳು ಒಂದು ಇರುವೆಯ ಕಣ್ಣಿಗೂ ಬೀಳದೆ ಉಳಿದದ್ದು ಹೇಗೆ ಎಂದು ಯೋಚಿಸುತ್ತ ಅಲ್ಲೇ ಕೂತುಬಿಟ್ಟೆ. ಕಪಾಟು ಹಾಗೇ ತೆರೆದಿದೆ.

ಎಣಿಸುವುದು ನನ್ನ ಹಳೆಯ ಚಾಳಿ. ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ಅಜ್ಜಿ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು ಬುಟ್ಟಿಯೊಳಗಿನ ರೊಟ್ಟಿ ಲೆಕ್ಕ ಹಾಕುವುದೇ ನನಗೆ ಸಿಕ್ಕ ಮೊದಲ ಕೆಲಸ. ಏಳನೇ ವಯಸ್ಸಿನಲ್ಲಿ ಒಂದು ದಿನ, ಅಜ್ಜಿ ಬೆಳಗಿನಿಂದ ಸಂಜೆಯ ತನಕ 'ಅದರ ಬಾಯಾಗ ಮಣ್ಣ ಹಾಕಲಿ' ಎಂದು ಎಷ್ಟು ಸಲ ಅನ್ನುತ್ತಾಳೆ ಎಂದು ಗೀಟು ಹಾಕುತ್ತ ಹೋದೆ. ಮೂವತ್ತೊಂದು. ಲೆಕ್ಕ ಓದಿ ಹೇಳಿದ್ದಕ್ಕೆ ಬೆನ್ನಿಗೆ ಒಂದು ಗುದ್ದು ಬಿತ್ತು. ಅದನ್ನೂ ಬರೆದುಕೊಂಡೆ. ಅಜ್ಜಿ ಆಗ ಮೂವತ್ತೆರಡನೇ ಸಲ ಅಂದಳು.

ಇಂಥ ನಾನು ಹೋದ ವರ್ಷ ಸಿಂದಗಿಯ ಒಂದು ಪುಟ್ಟ ಶಿಶುವಿಹಾರದಲ್ಲಿ ಅಕ್ಕೋರಾಗಿ ಸೇರಿದೆ. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳೆಲ್ಲ ಅಕ್ಕೋರು. ಇಪ್ಪತ್ತೆರಡು ಮಕ್ಕಳು, ಮೂರು ಕೋಣೆ, ಮೂವರು ಅಕ್ಕೋರು. ಶಾಲೆ ನಡೆಸುತ್ತಿದ್ದ ಶಾರದಾ ಅಕ್ಕೋರಿಗೆ ಒಂದು ಹೊಸ ವಿಚಾರ ಹತ್ತಿತ್ತು. ಮಕ್ಕಳಿಗೆ ಭಾಷೆಯನ್ನು ಪಾಠ ಮಾಡಿ ಕಲಿಸಬಾರದು, ಭಾಷೆಯೊಳಗೆ ಬಿಟ್ಟುಬಿಡಬೇಕು, ಬಾವಿಗೆ ಬಿಟ್ಟು ಈಜು ಕಲಿಸಿದ ಹಾಗೆ. ಅದಕ್ಕಾಗಿ ನಮ್ಮನ್ನು ಇಂಡಿಗೆ ಐದು ದಿನದ ತರಬೇತಿಗೆ ಕಳಿಸಿದರು. ಇಂಡಿಯಲ್ಲಿ ಚಹಾಕ್ಕೊಂದನ್ನು ಬಿಟ್ಟು ಎಲ್ಲಕ್ಕೂ ನಿಂಬೆಹಣ್ಣು ಹಿಂಡುತ್ತಾರೆ. ಐದು ದಿನದಲ್ಲಿ ಹದಿನಾಲ್ಕು ಲೋಟ ಶರಬತ್ತು ಕುಡಿದು, ಒಂದೇ ಒಂದು ನಿಯಮ ಕಲಿತು ಬಂದೆ: ಒಬ್ಬ ಅಕ್ಕೋರಿಗೆ ಒಂದೇ ಭಾಷೆ. "ನಿಮಗ ಕನ್ನಡ ತಿಳಿತೈತಿ ಅನ್ನೂದು ಮಗುವಿಗೆ ಒಮ್ಮೆ ಗೊತ್ತಾತಂದ್ರ ಮುಗೀತ್ರಿ," ಎಂದಿದ್ದರು ತರಬೇತಿಯ ಸರ್. "ಆಮ್ಯಾಲ ಅದು ನಿಮ್ಮ ಇಂಗ್ಲಿಷಿಗೆ ಯಾಕ ತ್ರಾಸ ತಗೊಂತೈತಿ?"

ಶಾರದಾ ಅಕ್ಕೋರು ಕನ್ನಡ ಇಟ್ಟುಕೊಂಡರು. ರಜಿಯಾ ಅಕ್ಕೋರಿಗೆ ಉರ್ದು. ಉಳಿದದ್ದು ಇಂಗ್ಲಿಷ್, ಉಳಿದವಳು ನಾನು.

ನನ್ನ ಇಂಗ್ಲಿಷಿನ ಬಗ್ಗೆ ಎರಡು ಮಾತು ಹೇಳಬೇಕು. ಅದನ್ನು ನಾನು ಬಾಗೇವಾಡಿಯಲ್ಲಿ ಹತ್ತು ವರ್ಷ, ಮುದ್ದೇಬಿಹಾಳದ ಕಾಲೇಜಿನಲ್ಲಿ ಮೂರು ವರ್ಷ ಕಲಿತೆ. ಈ ಹದಿಮೂರು ವರ್ಷಗಳಲ್ಲಿ ಯಾರೂ ನನ್ನ ಜೊತೆ ಇಂಗ್ಲಿಷಿನಲ್ಲಿ ಒಂದು ಲೋಟ ನೀರು ಕೂಡ ಕೇಳಿರಲಿಲ್ಲ. ನಮ್ಮ ಮಾಸ್ತರು "ಎಲಿಫಂಟ್ ಅಂದ್ರ ಆನಿ, ಬರ್ಕೋರಿ" ಎನ್ನುತ್ತಿದ್ದರು, ನಾವು ಆನೆಯನ್ನೇ ಬರೆದುಕೊಂಡು ಎಲಿಫಂಟನ್ನು ಬಿಟ್ಟುಬಿಡುತ್ತಿದ್ದೆವು. ಹೀಗಾಗಿ ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ನನ್ನ ಇಂಗ್ಲಿಷ್ ತೀರಿಹೋಯಿತು. ಆ ದಿನದ ಪುಟ ಇಲ್ಲೇ ಇದೆ: 'ಕಮ್' ನಲವತ್ತು ಸಲ, 'ಸಿಟ್' ಐವತ್ತೆರಡು ಸಲ, 'ವೆರಿ ಗುಡ್' ತೊಂಬತ್ತೇಳು ಸಲ. ಒಂದು ಮಗು ಇನ್ನೊಂದರ ಕಿವಿ ಕಚ್ಚಿದಾಗಲೂ ಬಾಯಿಗೆ ಬಂದದ್ದು 'ವೆರಿ ಗುಡ್' ಎಂದೇ.

ಮಕ್ಕಳಿಗೆ ಮಾತ್ರ ಒಂದು ವಾರದೊಳಗೆ ಎಲ್ಲ ಅರ್ಥವಾಗಿಹೋಯಿತು. ಅವರಿಗೆ ಅರ್ಥವಾದದ್ದು ಏನೆಂದರೆ, ಈ ಮೂವರು ಅಕ್ಕೋರು ಪಾಪದವರು, ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಿಲ್ಲ. ನಾನು ಶಾರದಾ ಅಕ್ಕೋರ ಕಡೆ ಹೊರಟರೆ ಸಾಕು, ಇಬ್ಬರು ಮೂವರು ಹಿಂದೆ ಓಡಿಬರುತ್ತಿದ್ದರು. "ಅಕ್ಕೋರ, ಇವರು ಚಾಕ್ ಬೇಕು ಅನ್ನಾಕತ್ತಾರ್ರಿ," ಎಂದು ಅತ್ತ ಹೇಳಿ, "ಅಕ್ಕೋರ, ವೇಟ್," ಎಂದು ಇತ್ತ ಹೇಳುತ್ತಿದ್ದರು. ನಾವು ಮೂವರೂ ಮನಸಾರೆ ಹರಟೆ ಹೊಡೆಯಬೇಕಾದರೆ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು, ಬೇಳೆ ಚೀಲದ ಮೇಲೆ ಕೂತು, ಪಿಸುಮಾತಿನಲ್ಲಿ ಕನ್ನಡ ಆಡಬೇಕಾಗಿತ್ತು. ರಜಿಯಾ ಅಕ್ಕೋರ ಕನ್ನಡ ನಮ್ಮಿಬ್ಬರಿಗಿಂತ ಚೊಲೊ. ಒಮ್ಮೆ ಅವರು ತಮ್ಮ ಸೊಸೆಯ ಕಥೆ ಹೇಳುತ್ತ ರಂಗೇರಿ ದನಿ ಎತ್ತಿದಾಗ, ಹೊರಗಿನಿಂದ ಒಂದು ಮಗು ಬಾಗಿಲು ತಟ್ಟಿ, "ಯಾರ್ರಿ ಒಳಗ ಕನ್ನಡದವರು?" ಎಂದು ಕೇಳಿತು.

ನಿಯಮ ಶಾಲೆಯ ಗೇಟಿಗೇ ಮುಗಿದಿದ್ದರೆ ನನ್ನ ಬದುಕು ಸಲೀಸಾಗಿ ಇರುತ್ತಿತ್ತು. ಆದರೆ ಸಿಂದಗಿ ಎಷ್ಟು ದೊಡ್ಡ ಊರು? ಜೂನ್ ಇಪ್ಪತ್ತೆರಡರ ಭಾನುವಾರ ಬಜಾರಿನಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಪಕ್ಕದಲ್ಲಿ ನನ್ನ ತರಗತಿಯ ಒಂದು ಹುಡುಗಿ, ತಾಯಿಯ ಸೆರಗು ಹಿಡಿದು. "ಅವ್ವಾ, ಇವರs ಅಕ್ಕೋರು. ಪಾಪ, ಕನ್ನಡ ಬರಂಗಿಲ್ಲ ಅವರಿಗೆ." ತಾಯಿ ಮರುಗಿದಳು. ನನ್ನ ಹತ್ತಿರ ಬಂದು, ಕಿವುಡರಿಗೆ ಹೇಳುವ ಹಾಗೆ, "ಬ-ದ-ನಿ-ಕಾ-ಯಿ!" ಎಂದಳು. ಒಂದು ತಿಂಗಳಿಂದ ನನಗೆ ಕಾಯಿಪಲ್ಯ ಕೊಡುತ್ತಿದ್ದ ಅಂಗಡಿಯಾಕೆ ಹುಬ್ಬೇರಿಸಿದಳು. "ಯಾಕ್ರಿ ಅಕ್ಕೋರ, ಬಾಯಾಗ ಹುಣ್ಣಾಗೇತೇನ್ರಿ?" ಸುಮ್ಮನಿರು ಎಂದು ಕಣ್ಸನ್ನೆ ಮಾಡುತ್ತ ಎರಡು ಬೆರಳು ಎತ್ತಿದೆ. ಎರಡು ಎಂದರೆ ಎರಡು ನಿಮಿಷ ತಡಿ ಎಂದು ನನ್ನ ಅರ್ಥ. ಆಕೆ ಎರಡು ಕಿಲೊ ತೂಗಿದಳು. ಆರು ದಿನ ಬದನೆಕಾಯಿ ಪಲ್ಯ. ಬರೆದಿಟ್ಟಿದ್ದೇನೆ.

ಇನ್ನೊಂದು ಭಾನುವಾರ ಬಾಗೇವಾಡಿಗೆ ಹೋಗಲು ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ನಮ್ಮ ಶಾಲೆಯದೇ ಒಂದು ಕಿಡಿಗೇಡಿ ನನ್ನ ಕಡೆಗೆ ಮುಖ ತಿರುಗಿಸಿ ಮೊಣಕಾಲೂರಿ ನಿಂತಿತ್ತು. ಕಂಡಕ್ಟರ್ ಬಂದು "ಎಲ್ಲಿಗ್ರೀ?" ಎಂದ. "ಒನ್ ಬಾಗೇವಾಡಿ, ಪ್ಲೀಸ್," ಎಂದೆ. ಆತ ನನ್ನ ಆಧಾರ್ ಕಾರ್ಡು ಇಸಿದುಕೊಂಡು, ವಿಳಾಸ ಓದಿ, ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದ: "ಕಾರ್ಡಿನ್ಯಾಗ ಬಾಗೇವಾಡಿ ಐತಿ, ಬಾಯಾಗ ಲಂಡನ್ ಐತಿ. ಯಾವುದಕ್ಕ ಟಿಕೆಟ್ ಕೊಡ್ಲಿ?" ಬಸ್ಸಿನಲ್ಲಿ ನಕ್ಕವರು ಒಂಬತ್ತು ಜನ. ಡ್ರೈವರನನ್ನು ಸೇರಿಸಿ ಹತ್ತು.

ಇದೆಲ್ಲ ನಗುವ ಮಾತಾಯಿತು. ನಗಲಾಗದ ಒಂದು ಸಾಲು ನನ್ನ ನೋಟುಬುಕ್ಕಿನಲ್ಲಿತ್ತು. ಪ್ರತಿ ಮಗುವಿಗೊಂದು ಸಾಲು, ದಿನಕ್ಕೆ ಮೂರು ಮನೆ: ಕನ್ನಡ, ಉರ್ದು, ಇಂಗ್ಲಿಷ್. ಆ ದಿನ ಮಗು ಯಾವ ಭಾಷೆಯಲ್ಲಿ ಎಷ್ಟು ಹೊಸ ಮಾತು ಆಡಿತು ಎಂದು ತುಂಬುತ್ತಿದ್ದೆ. ಆಫ್ರೀನ್ ಎಂಬ ಹುಡುಗಿಯ ಸಾಲಿನಲ್ಲಿ ಮೂವತ್ತೆಂಟು ದಿನ ಸೊನ್ನೆ, ಸೊನ್ನೆ, ಸೊನ್ನೆ.

ಆಫ್ರೀನ್‌ಗೆ ಐದು ವರ್ಷ. ದೇವಣಗಾಂವದಿಂದ ಬರುತ್ತಿದ್ದಳು. ಅಪ್ಪ ರಾಜೇಸಾಬ ಅಲ್ಲಿಂದ ಸಿಂದಗಿಗೆ ಟಂಟಂ ಗಾಡಿ ಓಡಿಸುತ್ತಾರೆ, ಬೆಳಗಿನ ಮೊದಲ ಸವಾರಿಯಲ್ಲಿ ತಮ್ಮ ಪಕ್ಕವೇ ಕೂರಿಸಿಕೊಂಡು ತರುತ್ತಿದ್ದರು. ಅವಳು ಎಲ್ಲ ಆಟಕ್ಕೂ ಬರುವಳು, ಹೇಳಿದ್ದೆಲ್ಲ ಮಾಡುವಳು, ಬಾಯಿ ಮಾತ್ರ ತೆರೆಯಳು. ಜುಲೈ ಹತ್ತರಂದು ರಾಜೇಸಾಬ ಶಾರದಾ ಅಕ್ಕೋರ ಮುಂದೆ ಬಂದು ನಿಂತರು. ನಾನು ಅಲ್ಲೇ ಬಾಗಿಲ ಹಿಂದೆ ಇದ್ದೆ.

"ಮನ್ಯಾಗ ಇಕಿ ಒಂದು ರೇಡಿಯೊ ಇದ್ದಂಗ ಇದ್ಲ್ರಿ ಅಕ್ಕೋರ. ಕನ್ನಡ ಅಂದ್ರ ಕನ್ನಡ, ಉರ್ದು ಅಂದ್ರ ಉರ್ದು. ಈಗ ಮನ್ಯಾಗೂ ಮಾತು ಕಡಿಮಿ ಆಗ್ಯಾವು. ಮೂರು ಮೂರು ಭಾಷೆ ತುಂಬಿ ಮಗು ಗಾಬರಿ ಬಿದ್ದೈತೇನೋ ಅಂತ ಇವರವ್ವ ಅಳಾಕತ್ತಾಳ್ರಿ."

"ಬಾಯಿ ಮುಚ್ಚೇತಿ, ಕಿವಿ ಮುಚ್ಚಿಲ್ಲ ರಾಜೇಸಾಬ್ರ. ಕೆಲವು ಮಕ್ಕಳು ಹಿಂಗs, ಮೊದಲ ಕೇಳಿಸ್ಕೊಂತಾವು."

"ಪಾಲಕರ ಸಭಾದ ತನಕ ನೋಡ್ತೇನ್ರಿ. ಅವತ್ತೂ ಮಾತಾಡಲಿಲ್ಲಂದ್ರ ಊರಾಗಿನ ಅಂಗನವಾಡಿಗೇ ಹಾಕ್ತೇನಿ. ಸಿಟ್ಟಾಗಬ್ಯಾಡ್ರಿ."

ಪಾಲಕರ ಸಭೆ ಜುಲೈ ಇಪ್ಪತ್ತಾರಕ್ಕಿತ್ತು. ಆ ಮಗುವಿನ ಬಾಯಿ ಮುಚ್ಚಿಸಿದ್ದು ನನ್ನ ಮುದ್ದೇಬಿಹಾಳದ ಇಂಗ್ಲಿಷೇ ಇರಬೇಕು ಎಂದು ನನಗೆ ಖಾತ್ರಿಯಾಯಿತು. ಆ ವಾರ 'ವೆರಿ ಗುಡ್' ದಿನಕ್ಕೆ ಇಪ್ಪತ್ತಕ್ಕೆ ಇಳಿಯಿತು.

ಮೂವತ್ತೊಂಬತ್ತನೇ ದಿನ. ಊಟದ ಹೊತ್ತು. ಕನ್ನಡದ ಪಂಕ್ತಿಯಲ್ಲೂ ಉರ್ದುವಿನ ಪಂಕ್ತಿಯಲ್ಲೂ ಗದ್ದಲ. ನಾನು ಎಂದಿನಂತೆ ಬೇವಿನ ಗಿಡದ ಕೆಳಗೆ ಒಬ್ಬಳೇ, ಯಾರ ಮಾತೂ ತಿಳಿಯದವಳ ಮುಖ ಮಾಡಿಕೊಂಡು ಉಣ್ಣುತ್ತಿದ್ದೆ. ಆಫ್ರೀನ್ ತನ್ನ ಹಳದಿ ಅರಿವೆಯ ಗಂಟು ಹಿಡಿದು ಬಂದು ಎದುರಿಗೆ ಕೂತಳು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಗಂಟು ಬಿಚ್ಚಿ, ಖಡಕ್ ರೊಟ್ಟಿಯ ಒಂದು ತುಂಡು ಮುರಿದು, ನನ್ನ ಮೂಗಿನ ಹತ್ತಿರ ಹಿಡಿದಳು.

"ರೊಟ್ಟಿ," ಎಂದಳು.

ಏನು ಮಾಡಲೂ ತೋಚದೆ, "ರೋ...ಟಿ?" ಎಂದೆ.

"ಹಂಗಲ್ಲ. ರೊಟ್ಟಿ."

"ರೊಟ್ಟಿ."

ತಲೆಯಾಡಿಸಿದಳು. ಚಟ್ನಿಯ ಮೇಲೆ ಬೆರಳಿಟ್ಟು "ಚಟ್ನಿ" ಎಂದಳು. ಪಕ್ಕದ ಮಗು ಹತ್ತಿರ ಬಂದ ಕೂಡಲೇ ಬಾಯಿ ಮುಚ್ಚಿದಳು.

ಆ ದಿನ ಅವಳ ಸಾಲು ತುಂಬಲು ನನಗೆ ನೆನಪೇ ಆಗಲಿಲ್ಲ. ಮೂರೂ ಮನೆ ಈಗಲೂ ಖಾಲಿ ಇವೆ.

ಸುತ್ತ ಎಲ್ಲರೂ ಮಾತಾಡುವಾಗ ನಡುವೆ ಮೂಕಳಾಗಿ ಕೂರುವುದು ಎಂಥದ್ದು ಎಂದು ಆ ಶಾಲೆಯಲ್ಲಿ ಬಲ್ಲವಳು ಅವಳೊಬ್ಬಳೇ. ಅದಕ್ಕೇ ಅವಳಿಗೆ ನನ್ನ ಮೇಲೆ ಕರುಣೆ ಬಂದದ್ದು ಎಂದು ನನಗೆ ಹೊಳೆದದ್ದು ಆ ಸಂಜೆ ಪಾತ್ರೆ ತೊಳೆಯುವಾಗ.

ಮರುದಿನದಿಂದ ಪಾಠ ಶುರುವಾಯಿತು. ದಿನಾ ಬೇವಿನ ಗಿಡದ ಕೆಳಗೆ, ನಾನು ಮತ್ತು ನನ್ನ ಅಕ್ಕೋರು. ಅವಳು ಶಿಸ್ತಿನ ಅಕ್ಕೋರು. ನೀರು, ಲೋಟ, ಗಿಡ, ಬೆಕ್ಕು. ನಿನ್ನೆಯದನ್ನು ಒಪ್ಪಿಸದೆ ಇವತ್ತಿನದು ಸಿಗುತ್ತಿರಲಿಲ್ಲ. ನಾನು ಬೇಕೆಂದೇ ತಪ್ಪು ಮಾಡುತ್ತಿದ್ದೆ, ಬಹಳ ತಪ್ಪಿದರೆ ಮುಂಗೈಗೆ ಒಂದು ಪೆಟ್ಟು, ಜೊತೆಗೆ ಥೇಟು ರಜಿಯಾ ಅಕ್ಕೋರ ದನಿಯಲ್ಲಿ, "ಅರೆ, ಐಸಾ ನಹೀ!" ಸರಿ ಹೇಳಿದರೆ ತಲೆ ಒಂದು ಕಡೆ ವಾಲಿಸಿ, ಥೇಟು ನನ್ನ ದನಿಯಲ್ಲಿ, "ವೆರಿ ಗುಡ್." ಕಲಿಸುವುದು ಕನ್ನಡದಲ್ಲಿ, ಬೈಯುವುದು ಉರ್ದುವಿನಲ್ಲಿ, ಹೊಗಳುವುದು ಇಂಗ್ಲಿಷಿನಲ್ಲಿ. ಮೂರೂ ಮನೆ ತುಂಬತೊಡಗಿದವು. ನಾನು ತರಬೇತಿ ಮುಗಿಸಿ ಬಂದವಳು, ನನಗೆ ಒಂದು ಭಾಷೆ ಸಂಭಾಳಿಸುವುದರಲ್ಲಿ ಸಾಕುಸಾಕಾಗಿತ್ತು.

ಆರನೇ ಪಾಠದ ದಿನ ಊಟ ಮುಗಿದ ಮೇಲೆ ಅರಿವೆಯ ಮಡಿಕೆಯಲ್ಲಿ ಉಳಿದ ರೊಟ್ಟಿಯ ಚೂರುಗಳನ್ನು ತೋರಿಸಿ, "ಚುಬ್ಬುರಿ," ಎಂದಳು. ನಾನು ಈ ಸಲ ನಿಜವಾಗಿಯೂ ತಡವರಿಸಿದೆ. ಆ ಶಬ್ದ ನನಗೆ ಗೊತ್ತಿರಲಿಲ್ಲ. ನಟನೆ ಮಾಡದೆ ತಪ್ಪಿದ್ದು ಅದೊಂದೇ ಸಲ. ಅವಳು ಮೂರು ಬಾರಿ ಹೇಳಿಸಿದಳು.

ಈಗ ಸಂಕಟ ನೋಡಿ. ಮಗು ಮಾತಾಡುತ್ತಿದೆ, ಅಪ್ಪನಿಗೆ ಗೊತ್ತಿಲ್ಲ. ಬೆಳಿಗ್ಗೆ ಗೇಟಿನ ಹತ್ತಿರ ಹೇಳೋಣವೆಂದರೆ ಆಫ್ರೀನ್ ಅವರ ಬೆರಳು ಹಿಡಿದು ನಿಂತಿರುತ್ತಾಳೆ. ಅವಳ ಮುಂದೆ ನಾನು ಕನ್ನಡ ಆಡಿದರೆ, ನಾನು ಇಷ್ಟು ದಿನ ಅವಳನ್ನು ಆಡಿಸುತ್ತಿದ್ದೆ ಎಂದಾಗುತ್ತದೆ, ತೆರೆದ ಬಾಯಿ ಮತ್ತೆ ಮುಚ್ಚುತ್ತದೆ. ಹಾಗಾಗಿ ಎರಡೂ ಕೈ ಎತ್ತಿ, "ಶಿ ಈಸ್ ಟಾಕಿಂಗ್! ವೆರಿ ಮಚ್ ಟಾಕಿಂಗ್!" ಎಂದೆ. ರಾಜೇಸಾಬ ಡಾಕ್ಟರ ಮುಂದೆ ನಿಂತವರ ಹಾಗೆ "ಹೌದ್ರಿ, ಹೌದ್ರಿ" ಎಂದು ಕಣ್ಣೊರೆಸಿಕೊಂಡು ಗಾಡಿ ಹತ್ತಿದರು. ಆಮೇಲೆ ಶಾರದಾ ಅಕ್ಕೋರು ಫೋನು ಮಾಡಿ ಬಿಡಿಸಿ ಹೇಳಿದರು. ಅತ್ತಲಿಂದ ಬಂದ ಉತ್ತರ ಒಂದೇ. "ನಾ ಇನ್ನಾ ಕೇಳಿಲ್ಲಲ್ರಿ ಅಕ್ಕೋರ."

ಜುಲೈ ಇಪ್ಪತ್ತಾರು, ಶನಿವಾರ, ಐವತ್ತನೇ ದಿನ. ಬೆಳಿಗ್ಗೆ ಒಂಬತ್ತಕ್ಕೆ ಪಾಲಕರು ಅಂಗಳದಲ್ಲಿ ಕೂತರು. ಮಕ್ಕಳು ಹಾಡಿದರು. ಆಫ್ರೀನ್ ಸಾಲಿನಲ್ಲಿ ನಿಂತು, ಬಾಯಿ ಬಿಗಿದು, ಕೈ ಮಾತ್ರ ಆಡಿಸಿದಳು. ರಾಜೇಸಾಬ ಕೊನೆಯ ಕುರ್ಚಿಯಲ್ಲಿ ತಲೆ ತಗ್ಗಿಸಿದ್ದರು. ಅಷ್ಟರಲ್ಲಿ ಗೇಟಿನ ಕಡೆಯಿಂದ ಒಂದು ದನಿ.

"ಏ ಸಾವಿತ್ರಿ! ಎಲ್ಲಿದ್ದೀಯವಾ?"

ನನ್ನ ಅಜ್ಜಿ! ತಲೆಯ ಮೇಲೆ ಪಂಚಮಿಯ ಉಂಡಿಯ ಡಬ್ಬಿ. ಹಿಂದಿನ ಮೂರು ವಾರದಲ್ಲಿ ಅವಳು ಸರಿಯಾಗಿ ಊಟದ ಹೊತ್ತಿಗೇ ಮೂರು ಸಲ ಫೋನು ಮಾಡಿದ್ದಳು. ಎರಡು ಸಲ ಪಂಕ್ತಿಯ ಮಕ್ಕಳು ಸುತ್ತ ನಿಂತಿದ್ದರು, ಮೂರನೇ ಸಲ ಆಫ್ರೀನ್ ಎದುರಿಗಿದ್ದಳು. ಮೂರು ಸಲವೂ ನಾನು "ಐ ವಿಲ್ ಕಾಲ್ ಯು ಲೇಟರ್" ಎಂದು ಇಟ್ಟಿದ್ದೆ. ಸಂಜೆ ಸಮಾಧಾನ ಹೇಳಿದರೂ ಅವಳ ಎದೆಯಲ್ಲಿ ಅದು ಕೂತುಬಿಟ್ಟಿತ್ತು.

ಓಡಿಹೋಗಿ, "ಹಲೋ, ಹಲೋ, ಪ್ಲೀಸ್ ಸಿಟ್," ಎಂದೆ.

ಅಜ್ಜಿ ಡಬ್ಬಿ ಕೆಳಗಿಟ್ಟಳು. "ಏನಂದಿ?"

ಒಂದು ಹುಡುಗ ಅಜ್ಜಿಯ ಸೀರೆ ಜಗ್ಗಿ ತಿಳಿಸಿ ಹೇಳಿದ. "ಅಜ್ಜೀ, ಅಕ್ಕೋರಿಗೆ ಕನ್ನಡ ಬರಂಗಿಲ್ರಿ."

"ಬರಂಗಿಲ್ಲ? ಮೊನ್ನೆ ಸಂಜಿಗೆ ಫೋನಿನ್ಯಾಗ ಬರ್ತಿತ್ತಲ್ಲೋ! ಅವ್ವಯ್ಯ, ಯಾರ ನೆದರ ಬಡೀತೋ ನನ್ನ ಕೂಸಿಗೆ! ಮೆಣಸಿನಕಾಯಿ ತರ್ರಿ, ಉಪ್ಪ ತರ್ರಿ, ಕೆಂಡ ತರ್ರಿ!"

ನಮ್ಮ ಕಡೆ ದೃಷ್ಟಿ ತಾಗಿದರೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕುತ್ತಾರೆ. ಘಾಟು ಬರದಿದ್ದರೆ ದೃಷ್ಟಿಯಾಗಿತ್ತು ಎಂದು ಅರ್ಥ. ಘಾಟು ಬಂದರೆ ಇರಲಿಲ್ಲ. ಪಾಲಕರ ಸಭೆ ಮಾತು ಮರೆತು ಕೆಲಸಕ್ಕೆ ನಿಂತಿತು. ಒಬ್ಬಾಕೆ ಅಡುಗೆಮನೆಯಿಂದ ಮೆಣಸಿನಕಾಯಿ ತಂದಳು, ಇನ್ನೊಬ್ಬಾಕೆ ಚಹಾ ಒಲೆಯ ಕೆಂಡವನ್ನು ಬಾಣಲೆಯಲ್ಲಿ ತಂದಳು. ಶಾರದಾ ಅಕ್ಕೋರು ಅಜ್ಜಿಯ ಕಿವಿಯಲ್ಲಿ ಏನೋ ಹೇಳಲು ಬಂದರೆ, "ನೀವು ಸುಮ್ಮನಿರ್ರಿ, ನಿಮ್ಮ ಸಾಲ್ಯಾಗs ಆಗಿದ್ದಿದು" ಎಂದು ಗದರಿಸಿದಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಏಳು ಸಲ ನಿವಾಳಿಸಿ, ಹಿಡಿ ತುಂಬ ಮೆಣಸಿನಕಾಯಿ ಬಾಣಲೆಗೆ ಸುರಿದಳು.

ಮೂರು ಸೆಕೆಂಡು ತಡೆದೆ. ನಾಲ್ಕನೆಯದಕ್ಕೆ ಕಣ್ಣು, ಮೂಗು, ಗಂಟಲು ಒಟ್ಟಿಗೆ ಹತ್ತಿಕೊಂಡವು.

"ಅಜ್ಜೀ, ಸಾಕ ಬಿಡs! ಕಣ್ಣ ಉರ್ಯಾಕತ್ತಾವು, ಉಸರ ಕಟ್ಟಾಕತ್ತೇತಿ! ನಿನ್ನ ಮೆಣಸಿನಕಾಯಿ ಬಾಯಾಗ ಮಣ್ಣ ಹಾಕಲಿ!"

ಅಂಗಳವೆಲ್ಲ ಕೆಮ್ಮುತ್ತಿತ್ತು. ಆ ಕೆಮ್ಮುಗಳನ್ನು ಎಣಿಸುವ ಧೈರ್ಯ ನನಗಾಗಲಿಲ್ಲ. ಕೆಮ್ಮು ನಿಂತಾಗ ಇಪ್ಪತ್ತೆರಡು ಮಕ್ಕಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ನಾನು ಆಫ್ರೀನಳನ್ನು ಮಾತ್ರ ನೋಡುತ್ತಿದ್ದೆ. ಅವಳ ಮುಖ ಮೊದಲು ಗೊಂದಲಗೊಂಡಿತು. ಆಮೇಲೆ ನಿಧಾನವಾಗಿ, ರೊಟ್ಟಿ ಕಾವಲಿಯ ಮೇಲೆ ಉಬ್ಬುವ ಹಾಗೆ, ಅರಳಿತು. ಸಾಲು ಬಿಟ್ಟು ಮುಂದೆ ಬಂದಳು. ಅಪ್ಪನ ಕಡೆ ತಿರುಗಿ, ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದಳು.

"ಅಬ್ಬಾ, ಕನ್ನಡ ಬಂತು ಅಕ್ಕೋರಿಗೆ! ನಾ ಕಲಿಸೇನಿ! ನಾ ಒಬ್ಬಾಕಿನs ಕಲಿಸೇನಿ!"

ನನ್ನ ಹತ್ತಿರ ಬಂದು, ತಲೆ ವಾಲಿಸಿ, "ವೆರಿ ಗುಡ್" ಎಂದಳು.

ರಾಜೇಸಾಬ ಎದ್ದು ನಿಂತರು. ಕೂತರು. ಮತ್ತೆ ಎದ್ದರು. ಅವರ ಕಣ್ಣಲ್ಲಿ ನೀರಿತ್ತು, ಆದರೆ ಎಲ್ಲರ ಕಣ್ಣಲ್ಲೂ ಇತ್ತು. ಎಷ್ಟು ಮೆಣಸಿನಕಾಯಿಯದು, ಎಷ್ಟು ಮಗಳದು ಎಂದು ಹೇಳಲಾರೆ.

ಉಳಿದದ್ದು ಅಜ್ಜಿ. ಅವಳ ಬಾಯಿ ಆಗಲೇ ತೆರೆದಿತ್ತು. ಇವಳಿಗೆ ಕನ್ನಡ ಕಲಿಸಿದವಳು ನಾನು ಎನ್ನುವ ಮಾತು ತುಟಿಯ ತುದಿಗೆ ಬಂದದ್ದು ನನಗೆ ಕಾಣುತ್ತಿತ್ತು. ಆಫ್ರೀನ್ ಎದೆ ಉಬ್ಬಿಸಿ ಅವಳನ್ನೇ ನೋಡುತ್ತಿದ್ದಳು. ಅಜ್ಜಿ ಆ ಮುಖ ನೋಡಿದಳು, ನನ್ನ ಮುಖ ನೋಡಿದಳು, ಬಾಣಲೆ ನೋಡಿದಳು.

"ಘಾಟ ಬಂತು, ನೆದರ ಆಗಿಲ್ಲ," ಎಂದಳು. ಆಮೇಲೆ ಡಬ್ಬಿಯಿಂದ ದೊಡ್ಡ ಶೇಂಗಾ ಉಂಡಿ ತೆಗೆದು ಆಫ್ರೀನಳ ಕೈಗಿಟ್ಟಳು. "ಚೊಲೊ ಕಲಿಸೀದಿ ನೋಡವಾ. ನನ್ನ ಕೈಲೆ ಆಗಿರಲಿಲ್ಲ ಅದು."

ಅಂಗನವಾಡಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಸೋಮವಾರ ಬೇಳೆ ಚೀಲದ ಮೇಲೆ ಕೂತು ಶಾರದಾ ಅಕ್ಕೋರು ತೀರ್ಪು ಕೊಟ್ಟರು. "ಸಾವಿತ್ರಿ, ನೀ ಈಗ ಕನ್ನಡ ಕಲ್ತಾಕಿ. ಖರೆ, ಆಫ್ರೀನ್ ಕಲಿಸಿದಷ್ಟs ಆಡಬೇಕು." ಹೀಗಾಗಿ ಹೊಸ ಶಬ್ದ ಅವಳಿಂದ ಬರುವ ತನಕ ಎಂಬತ್ತನಾಲ್ಕು ಶಬ್ದಗಳಲ್ಲೇ ದಿನ ದೂಡಿದೆ. ಬೈಗುಳವನ್ನು ಅವಳು ಕಲಿಸಿರಲಿಲ್ಲವಾದ್ದರಿಂದ, ಅಂಗಳದಲ್ಲಿ ಕೂಗಿದ್ದು ಎಲ್ಲಿಂದ ಬಂತು ಎಂದು ಅವಳು ಎರಡು ದಿನ ವಿಚಾರಣೆ ಮಾಡಿದಳು.

ಆಫ್ರೀನ್ ಈಗ ದೇವಣಗಾಂವದಲ್ಲಿ ಒಂದನೇ ಇಯತ್ತೆ. ಮೂರೂ ಭಾಷೆಯಲ್ಲಿ ರೇಡಿಯೊ ಮತ್ತೆ ಚಾಲೂ ಆಗಿದೆ, ಬಂದ್ ಮಾಡುವ ಗುಂಡಿ ಎಲ್ಲೈತ್ರಿ ಎಂದು ರಾಜೇಸಾಬ ಕೇಳುತ್ತಾರೆ. ಏಪ್ರಿಲ್‌ನಲ್ಲಿ ಶಾಲೆಯ ಕೊನೆಯ ದಿನ ನನ್ನ ಹತ್ತಿರ ಉಳಿದ ಅವಳ ಈ ಅರಿವೆಯನ್ನು ಒಗೆದು ಮುಂದಿನ ಭಾನುವಾರ ಮುಟ್ಟಿಸುತ್ತೇನೆ. ಚೂರುಗಳನ್ನು ಕಾಗದದಲ್ಲಿ ಮಡಿಸಿ ಇಟ್ಟುಕೊಂಡಿದ್ದೇನೆ.

ಒಂದು ಲೆಕ್ಕ ಮಾತ್ರ ಬಾಕಿ. ಆ ಎಂಬತ್ತನಾಲ್ಕರಲ್ಲಿ ಎಂಬತ್ತಮೂರು ನನಗೆ ಮೊದಲೇ ಗೊತ್ತಿದ್ದವು. ಎಂಬತ್ತನಾಲ್ಕನೆಯದು ಚುಬ್ಬುರಿ. ಅಜ್ಜಿಯನ್ನು ಕೇಳಿದೆ, ಕೇಳಿಲ್ಲ ಎಂದಳು. ರಾಜೇಸಾಬರೂ "ನಮ್ಮ ಮನ್ಯಾಗ ಯಾರೂ ಹಂಗ ಅನ್ನಂಗಿಲ್ರಿ" ಎಂದರು. ರಜಿಯಾ ಅಕ್ಕೋರಿಗೂ ಗೊತ್ತಿಲ್ಲ. ಆಫ್ರೀನಳನ್ನೇ ಕೇಳಿದರೆ, ಇಷ್ಟು ಸಲ ಹೇಳಿಕೊಟ್ಟರೂ ಮರೆತೆಯಾ ಎಂಬಂತೆ ನೋಡುತ್ತಾಳೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಕಡೆ ಯಾರ ಮನೆಯಲ್ಲಾದರೂ ಅರಿವೆಯಲ್ಲಿ ಉಳಿದ ರೊಟ್ಟಿಯ ಚೂರಿಗೆ ಹೀಗೆ ಅನ್ನುವುದುಂಟಾದರೆ, ದಯವಿಟ್ಟು ನನಗೆ ಬರೆಯಿರಿ. ಪತ್ರ ಕನ್ನಡದಲ್ಲೇ ಇರಲಿ. ನನಗೆ ಈಗ ಕನ್ನಡ ಬರುತ್ತದೆ.